ಬೈಗುಳ ಜಾಸ್ತಿ, ಭಾಷಣ ಕಮ್ಮಿ

ನಮಸ್ಕಾರ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. 2022ರ ಸೆಪ್ಟೆಂಬರ್ 21ರಂದು ರಷ್ಯಾದ ಅಧ್ಯಕ್ಷ ಪುಟಿನ್ ಟೀವಿಯಲ್ಲಿ ಮಾಡಿದ ಭಾಷಣದ ಮೇಲೆ ಬರೆದಿದ್ದೀರಿ. ಮೀಸಲು ಸೈನಿಕರನ್ನು ಉಕ್ರೇನ್ ಯುದ್ಧಕ್ಕೆ ಕರೆದ ಭಾಷಣ ಅದು. ಯುದ್ಧ ಇನ್ನೂ ನಡೆಯುತ್ತಿದೆ, ಹಾಗಾಗಿ ವಿಷಯ ಹಳಸಿಲ್ಲ. ಆದರೂ ಲೇಖನವನ್ನು ಈಗಿರುವಂತೆ ಹಾಕಿಕೊಳ್ಳಲು ಆಗುವುದಿಲ್ಲ. ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಬಹುದಿತ್ತು. ನಿಮಗೆ ಬರೆಯೋಕೆ ಬರುತ್ತೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ಪುಟಿನ್ ಅವರಿಗೆ ನೀವು ಕೊಟ್ಟ ಬಿರುದುಗಳನ್ನು ಎಣಿಸಿದೆ. ಕ್ರೂರಿ, ರಕ್ತಪಿಪಾಸು, ಸರ್ವಾಧಿಕಾರಿ, ಮತಿಗೆಟ್ಟವ ಅಂತ ಶುರುವಾಗಿ ಒಟ್ಟು ಹದಿನಾಲ್ಕು. ಭಾಷಣದಿಂದ ಎತ್ತಿಕೊಂಡ ಮಾತು ಒಂದೇ ಒಂದು. ಅದೂ ತಪ್ಪು, ಅದಕ್ಕೆ ಆಮೇಲೆ ಬರುತ್ತೇನೆ. ಇಂಥ ಲೇಖನ ಕೈಗೆ ಬಂದರೆ ನಾನು ನಾಯಕನ ಹೆಸರು ತೆಗೆದು ಬೇರೆಯವರ ಹೆಸರು ಹಾಕಿ ಓದುತ್ತೇನೆ. ಪುಟಿನ್ ಇದ್ದಲ್ಲಿ ಜಾರ್ಜ್ ಬುಷ್ ಇಟ್ಟೆ, ಉಕ್ರೇನ್ ಇದ್ದಲ್ಲಿ ಇರಾಕ್. ನಿಮ್ಮ ಮೊದಲ ಮೂರು ಪ್ಯಾರಾ ಎಲ್ಲೂ ಎಡವಲಿಲ್ಲ. ಅಂದರೆ ಅಲ್ಲಿ ಈ ಭಾಷಣ ಇಲ್ಲವೇ ಇಲ್ಲ, ಅಲ್ವಾ?

ಭಾಷಣವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡಿದಿರುವ ಪದ 'ಭಾಗಶಃ'. ಇದು ಪೂರ್ತಿ ಸೇನಾ ಜಮಾವಣೆ ಅಲ್ಲ, ಭಾಗಶಃ ಅಷ್ಟೇ ಅಂದರು. ಮೀಸಲು ಪಟ್ಟಿಯಲ್ಲಿರುವವರನ್ನು ಮಾತ್ರ, ಅದರಲ್ಲೂ ಮುಂಚೆ ಸೈನ್ಯದಲ್ಲಿದ್ದು ಬಂದ, ಬೇಕಾದ ಪರಿಣತಿ ಇರುವವರನ್ನು ಮೊದಲು ಕರೆಯುತ್ತೇವೆ ಅಂದರು. ಕೇಳುತ್ತಾ ಕೂತವನಿಗೆ 'ಸದ್ಯ, ನಾನಲ್ಲ' ಅನ್ನಿಸಬೇಕು. ಈಗ ಅದೇ ದಿನ ಹೊರಬಿದ್ದ ಆದೇಶವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅನುಭವ ಇರಬೇಕು ಅನ್ನುವ ಮಾತು ಅದರಲ್ಲಿ ಇಲ್ಲ. ಎಷ್ಟು ಜನ ಅನ್ನುವುದೂ ಇಲ್ಲ. ಏಳನೇ ಅಂಶವನ್ನಂತೂ ಜನರಿಗೆ ತೋರಿಸಲೇ ಇಲ್ಲ. ಅದರ ಜೊತೆಗೆ, ಕರಾರಿನ ಮೇಲೆ ಸೈನ್ಯ ಸೇರಿದವರ ಕರಾರು ಜಮಾವಣೆ ಮುಗಿಯುವ ತನಕ ಮುಂದುವರಿಯುತ್ತದೆ ಅಂತ ಬರೆದಿದ್ದಾರೆ. ಮುಗಿಯಿತು ಅಂತ ಆಗಿನ ರಕ್ಷಣಾ ಸಚಿವ ಸೆರ್ಗೈ ಶೊಯಿಗು ಆ ಅಕ್ಟೋಬರ್ 28ರಂದು ವರದಿ ಒಪ್ಪಿಸಿದರು. ಮುಗಿಸುವ ಆದೇಶ ಮಾತ್ರ ಹೊರಬರಲಿಲ್ಲ. ವಯಸ್ಸಾದವರಿಗೂ ಬಂದೂಕನ್ನೇ ಹಿಡಿಯದವರಿಗೂ ಕರೆ ಹೋದವು. ತಪ್ಪುಗಳಾಗಿವೆ, ಸರಿಪಡಿಸಬೇಕು ಅಂತ ಪುಟಿನ್ ಅವರೇ ಸೆಪ್ಟೆಂಬರ್ 29ರಂದು ಹೇಳಬೇಕಾಯಿತು. ನಿಮ್ಮ ಹದಿನಾಲ್ಕು ಬಿರುದಿಗಿಂತ ಈ ಒಂದು ಪದವನ್ನು ಬಿಡಿಸಿ ತೋರಿಸಿದ್ದರೆ ಏಟು ಜೋರಾಗಿ ಬೀಳುತ್ತಿತ್ತು.

3 ಲಕ್ಷ ಜನರನ್ನು ಕರೆಯುತ್ತೇವೆ ಅಂತ ಪುಟಿನ್ ಹೇಳಿದರು ಅಂತ ಬರೆದಿದ್ದೀರಿ. ಆ ಸಂಖ್ಯೆ ಹೇಳಿದ್ದು ಶೊಯಿಗು, ಪುಟಿನ್ ಅಲ್ಲ. ತಮ್ಮ ಕಡೆ ಸತ್ತವರು 5,937 ಅಂದಿದ್ದೂ ಅವರೇ. ಸಣ್ಣ ತಪ್ಪು ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಧೈರ್ಯದ ಮಾತು ತಾನಾಡಿ, ಲೆಕ್ಕದ ಮಾತನ್ನು ಮಂತ್ರಿ ಬಾಯಿಂದ ಆಡಿಸುವುದು ಒಂದು ಉಪಾಯ. ನೀವು ಎರಡನ್ನೂ ಒಬ್ಬರ ಬಾಯಿಗೇ ಹಾಕಿ ಆ ಉಪಾಯವನ್ನು ಮುಚ್ಚಿಬಿಟ್ಟಿರಿ.

ಎರಡನೇ ಪ್ಯಾರಾದಲ್ಲೇ ಹಿಟ್ಲರ್ ಬಂದಿದ್ದಾನೆ. ಅಷ್ಟು ದೂರ ಯಾಕೆ ಹೋದಿರಿ? ಆರು ತಿಂಗಳು ಹಿಂದೆ ಹೋದರೆ ಸಾಕಿತ್ತು. 2022ರ ಮಾರ್ಚ್ 8, ಮಹಿಳಾ ದಿನ. ಸೈನಿಕರ ತಾಯಂದಿರನ್ನು, ಹೆಂಡತಿಯರನ್ನು, ಅಕ್ಕತಂಗಿಯರನ್ನು ಉದ್ದೇಶಿಸಿ ಪುಟಿನ್ ಮಾತಾಡಿದರು. ಹೆಚ್ಚುವರಿಯಾಗಿ ಮೀಸಲು ಸೈನಿಕರನ್ನು ಕರೆಯುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟರು. ಆ ಮಾತು ಮೇಲೆ, ಸೆಪ್ಟೆಂಬರಿನ ಮಾತು ಕೆಳಗೆ. ನಡುವೆ ನೀವು ಏನೂ ಬರೆಯಬೇಡಿ.

ಇನ್ನು ಆ ತಪ್ಪು ಉಲ್ಲೇಖ. 'ಅಣುಬಾಂಬ್ ಹಾಕುತ್ತೇನೆ' ಅಂತ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೀರಿ. ಹಾಗೆ ಅವರು ಹೇಳಿಲ್ಲ. ಅಣ್ವಸ್ತ್ರ ತೋರಿಸಿ ಹೆದರಿಸುತ್ತಿರುವುದು ಪಶ್ಚಿಮದವರು ಅಂತ ಮೊದಲು ದೂರಿದರು. ಗಾಳಿ ಅವರ ಕಡೆಗೂ ತಿರುಗಬಹುದು ಅಂದರು. ದೇಶದ ಭೂಭಾಗದ ಅಖಂಡತೆಗೆ ಅಪಾಯ ಬಂದರೆ ಕೈಯಲ್ಲಿರುವ ಎಲ್ಲವನ್ನೂ ಬಳಸುತ್ತೇವೆ, ಇದು ಸುಳ್ಳು ಬೆದರಿಕೆ ಅಲ್ಲ ಅಂದರು. ಅವರು ಆಡದ ಮಾತನ್ನು ಚಿಹ್ನೆಯೊಳಗೆ ಇಟ್ಟ ಕ್ಷಣವೇ ಓದುಗ ನಿಮ್ಮ ಕೈ ಬಿಡುತ್ತಾನೆ. ಇನ್ನೊಂದು ಬೇಜಾರು ಅಂದರೆ ನಿಜವಾದ ಮಾತು ನಿಮ್ಮ ಕಲ್ಪನೆಗಿಂತ ಅಪಾಯದ್ದು. 'ಭೂಭಾಗ' ಅಂದರೆ ಯಾವುದು? ಭಾಷಣವಾಗಿ ಒಂಬತ್ತೇ ದಿನಕ್ಕೆ, ಸೆಪ್ಟೆಂಬರ್ 30ರಂದು, ಉಕ್ರೇನಿನ ದೊನೆತ್ಸ್ಕ್, ಲುಹಾನ್ಸ್ಕ್, ಝಪೊರಿಝಿಯಾ, ಖೆರ್ಸಾನ್ ನಾಲ್ಕೂ ಪ್ರಾಂತಗಳು ನಮ್ಮವು ಅಂತ ಸಹಿ ಹಾಕಿದರು. ಅಂದರೆ ಉಕ್ರೇನಿನವರು ತಮ್ಮ ನೆಲ ವಾಪಸ್ ಪಡೆಯಲು ಹೋದರೂ ಅದು ರಷ್ಯಾದ ಮೇಲಿನ ದಾಳಿ ಅನ್ನಬಹುದು. ಆಮೇಲೆ ಏನಾಯಿತು? ನವೆಂಬರ್ 11ರ ಹೊತ್ತಿಗೆ ರಷ್ಯಾದ ಸೈನ್ಯ ಖೆರ್ಸಾನ್ ನಗರ ಬಿಟ್ಟು ನದಿಯಾಚೆ ಹೋಗಿತ್ತು. ಆ ಬೆದರಿಕೆಯ ತೂಕ ಎಷ್ಟು ಅಂತ ಅಳೆಯಲು ಇದಕ್ಕಿಂತ ಒಳ್ಳೆ ತಕ್ಕಡಿ ಎಲ್ಲಿ ಸಿಗುತ್ತೆ? ಈ ಭಾಗವನ್ನು ನೀವು ಮುಟ್ಟೇ ಇಲ್ಲ.

'ಹುಚ್ಚು ನಿರ್ಧಾರ' ಅನ್ನುವುದನ್ನೂ ತೆಗೆಯಿರಿ. ಹುಚ್ಚಲ್ಲ, ಲೆಕ್ಕಾಚಾರ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಉಕ್ರೇನಿನ ಖಾರ್ಕಿವ್ ಪ್ರಾಂತದಲ್ಲಿ ಬಲಕ್ಲಿಯಾ, ಇಝ್ಯೂಮ್, ಕುಪ್ಯಾನ್ಸ್ಕ್ ಊರುಗಳು ಒಂದಾದ ಮೇಲೊಂದು ರಷ್ಯಾದ ಕೈತಪ್ಪಿದವು. ರಷ್ಯಾದ ರಕ್ಷಣಾ ಇಲಾಖೆ ಅದನ್ನು ಪಡೆಗಳ ಮರುಜೋಡಣೆ ಅಂತ ಕರೆಯಿತು. ಭಾಷಣದಲ್ಲಿ ಕೊಟ್ಟ ಕಾರಣ ಬೇರೆ: ಯುದ್ಧರೇಖೆ 1,000 ಕಿಲೋಮೀಟರಿಗೂ ಉದ್ದವಿದೆ ಅಂತ. ರೇಖೆ ಉದ್ದ ಇದ್ದದ್ದು ನಿಜ. ಜನ ಸಾಲದೆ ಓಡಬೇಕಾಯಿತು ಅನ್ನುವುದೂ ಅಷ್ಟೇ ನಿಜ.

ಒಂದು ವಿಷಯದಲ್ಲಿ ನೀವು ಪೂರ್ತಿ ಕಣ್ಣು ಮುಚ್ಚಿಕೊಂಡಿದ್ದೀರಿ. ಭಾಷಣದ ಬೆನ್ನೆಲುಬು ದೊನ್ಬಾಸ್, ಅಂದರೆ ದೊನೆತ್ಸ್ಕ್, ಲುಹಾನ್ಸ್ಕ್ ಸೇರಿದ ಪೂರ್ವ ಉಕ್ರೇನ್; 2014ರಿಂದ ಉಕ್ರೇನ್ ಸೈನ್ಯಕ್ಕೂ ರಷ್ಯಾ ಬೆಂಬಲದ ಪ್ರತ್ಯೇಕತಾವಾದಿಗಳಿಗೂ ಕಾದಾಟ ನಡೆದ ಜಾಗ. ನಿಮ್ಮ ಲೇಖನದಲ್ಲಿ ಆ ಹೆಸರೇ ಇಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2014ರಿಂದ 2021ರ ಕೊನೆವರೆಗೆ ಅಲ್ಲಿ 14,000ಕ್ಕೂ ಜಾಸ್ತಿ ಜನ ಸತ್ತಿದ್ದಾರೆ. ಅದನ್ನು ಮೊದಲು ಒಪ್ಪಿಕೊಳ್ಳಿ. ಆಮೇಲೆ ಆ ಲೆಕ್ಕದಲ್ಲಿ ಎರಡೂ ಕಡೆಯ ಸೈನಿಕರು ಇದ್ದಾರೆ, ಬಹುಪಾಲು ಸಾವು ಮೊದಲ ಎರಡು ವರ್ಷದವು ಅಂತ ಹೇಳಿ. ನಮ್ಮ ಓದುಗರಲ್ಲಿ ರಷ್ಯಾ ನಮ್ಮ ಹಳೇ ಸ್ನೇಹಿತ ಅನ್ನುವವರು ಕಮ್ಮಿಯೇನಿಲ್ಲ. ಅವರು ಈಗ ಮೂರನೇ ಸಾಲಿಗೇ ಪುಟ ಮಗುಚುತ್ತಾರೆ. ನಿಮ್ಮನ್ನು ಆಗಲೇ ಒಪ್ಪಿದವರಿಗಾಗಿ ಮಾತ್ರ ಬರೆಯುವುದಾದರೆ ಇಷ್ಟು ಕಷ್ಟ ಯಾಕೆ?

ಕೊನೆಯಲ್ಲಿ ಮೋದಿಯವರ 'ಇದು ಯುದ್ಧದ ಕಾಲವಲ್ಲ' ಅನ್ನುವ ಮಾತನ್ನು ಈ ಭಾಷಣಕ್ಕೆ ಕೊಟ್ಟ ಉತ್ತರ ಎಂಬಂತೆ ಇಟ್ಟಿದ್ದೀರಿ. ಅವರು ಅದನ್ನು ಉಜ್ಬೇಕಿಸ್ತಾನದ ಸಮರ್ಕಂಡ್‌ನಲ್ಲಿ ಪುಟಿನ್ ಎದುರಿಗೇ ಹೇಳಿದ್ದು ಸೆಪ್ಟೆಂಬರ್ 16ರಂದು, ಭಾಷಣಕ್ಕೆ ಐದು ದಿನ ಮುಂಚೆ. ಉತ್ತರ ಪ್ರಶ್ನೆಗಿಂತ ಮೊದಲೇ ಬರಲ್ಲ. ಹಾಗೆ ನೋಡಿದರೆ ಸರಿಯಾದ ಕ್ರಮದಲ್ಲಿಟ್ಟರೇ ಆ ಮಾತಿಗೆ ಬೆಲೆ ಬರುತ್ತೆ: ಕೇಳಿಸಿಕೊಂಡ ಮೇಲೂ ಹೀಗೆ ಮಾಡಿದರು ಅಂತ.

ಇಷ್ಟೆಲ್ಲ ಹೇಳಿದೆ. ಆದರೆ ನಾಲ್ಕನೇ ಪುಟದಲ್ಲಿ ಎರಡು ಸಾಲು ಇವೆ. ಭಾಷಣವಾದ ದಿನವೇ ಮಾಸ್ಕೋದಿಂದ ಟರ್ಕಿಯ ಇಸ್ತಾಂಬುಲ್‌ಗೆ, ಅರ್ಮೇನಿಯಾದ ಯೆರೆವಾನ್‌ಗೆ ಹೋಗುವ ನೇರ ವಿಮಾನಗಳ ಟಿಕೆಟ್ ಖಾಲಿಯಾದವು ಅಂತ ಬರೆದಿದ್ದೀರಿ. ಬಿರುದಿಲ್ಲ, ಬೈಗುಳವಿಲ್ಲ. ಆ ಎರಡು ಸಾಲಿಗಾಗಿಯೇ ನಾನು ಲೇಖನವನ್ನು ಎರಡನೇ ಸಲ ಓದಿದ್ದು. 'ಭಾಗಶಃ' ಅನ್ನುವ ಪದವನ್ನು ಕೇಳಿದವರು ಎಷ್ಟು ನಂಬಿದರು ಅನ್ನುವುದು ಅಲ್ಲಿದೆ. ಲೇಖನವನ್ನು ಅಲ್ಲಿಂದ ಶುರು ಮಾಡಿ. ಹಿಟ್ಲರ್ ಬೇಡ. ಸಾವಿರ ಪದ ದಾಟಬೇಡಿ. ಭಾಷಣದ ಪೂರ್ತಿ ಅನುವಾದವನ್ನೂ ಆದೇಶದ ಪಠ್ಯವನ್ನೂ ಜೊತೆಗಿಟ್ಟು ಕಳಿಸಿ, ಉಲ್ಲೇಖಗಳನ್ನು ನಾನೇ ಕೂತು ತಾಳೆ ನೋಡುತ್ತೇನೆ.

ಇಂತಿ,
ಸಂಪಾದಕ