ಮೇ ತಿಂಗಳಲ್ಲಿ ತಿಮಿಂಗಿಲ ನೋಡಲು ಶ್ರೀಲಂಕಾದ ಮಿರಿಸ್ಸಾಗೆ ಹೋಗಬಹುದಾ?

ಸಿಂಧನೂರಿನಿಂದ, ಮೇ ಕೊನೆಯ ವಾರ, ಐದು ದಿನ. ಪ್ಯಾಕೇಜ್ ತಗೊಳ್ಳೋದಾ, ನಾವೇ ಬುಕ್ ಮಾಡಿಕೊಳ್ಳೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊದಲು ತಿಂಗಳು ಬದಲಾಯಿಸಿ. 2018ರಲ್ಲಿ ಇದೇ ವಾರ, ಇದೇ ಊರಿಗೆ, ಅಪ್ಪ, ಹೆಂಡತಿ, ಮಗಳನ್ನು ಕರೆದುಕೊಂಡು ಹೋಗಿ ತಿಮಿಂಗಿಲದ ಬಾಲವನ್ನೂ ಕಾಣದೆ ವಾಪಸ್ ಬಂದವನು ನಾನು.

ನಮ್ಮದು ಗಂಗಾವತಿ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಬೇಸಿಗೆ ಬೆಳೆಯ ಭತ್ತ ಬರುವ ಹೊತ್ತಿಗೆ ರಜೆ ಕೇಳಿದರೆ ಸಾಹುಕಾರರು ಮುಖ ನೋಡುವುದಿಲ್ಲ. ಮೇ ಮುಗಿಯುವಾಗ ಮಿಲ್ ತಣ್ಣಗಿರುತ್ತದೆ, ಶಾಲೆಗೂ ರಜೆ. ಮಗಳು ನೀಲಿ ತಿಮಿಂಗಿಲದ ಚಾರ್ಟ್ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಳು. ಇನ್ನೇನು ಬೇಕು, ಹೊರಟೆವು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡುತ್ತಿದ್ದೀರಿ. 'ಶ್ರೀಲಂಕಾದಲ್ಲಿ ವರ್ಷವಿಡೀ ತಿಮಿಂಗಿಲ ಕಾಣುತ್ತವೆ' ಅಂತ ಎಲ್ಲೋ ಓದಿದ್ದೆ. ಸುಳ್ಳೇನಲ್ಲ. ಆದರೆ ಅದು ಇಡೀ ದ್ವೀಪದ ಮಾತು, ಮಿರಿಸ್ಸಾದ ಮಾತಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದರೆ ಗಂಗಾವತಿಯವರು ನಾಟಿಗೆ ಇಳಿಯುತ್ತಾರೆ, ಮಾನ್ವಿ ಕಡೆ ಕೊನೆ ಭಾಗದವರು ಇನ್ನೂ ಧೂಳು ನೋಡುತ್ತಾ ಕೂತಿರುತ್ತಾರೆ. ಕಾಲುವೆ ಒಂದೇ. ಸಿಂಧನೂರಿನವರಿಗೆ ಇದನ್ನು ನಾನು ಹೇಳಬೇಕಾ?

ಅಲ್ಲೂ ಹಾಗೇ. ಮಿರಿಸ್ಸಾ ಇರುವುದು ದಕ್ಷಿಣದ ದಡದಲ್ಲಿ. ಅಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಸುಮ್ಮನಿರುತ್ತದೆ, ಅದೇ ಸೀಸನ್. ಮೇ ತಿಂಗಳಲ್ಲಿ ನೈರುತ್ಯ ಮಾರುತ ಬಂದು ಸೆಪ್ಟೆಂಬರ್‌ವರೆಗೆ ಆ ದಡವನ್ನು ಬಡಿಯುತ್ತದೆ. ಪೂರ್ವದ ದಡದಲ್ಲಿ ಇದು ಉಲ್ಟಾ. ನನ್ನ ತಲೆಯಲ್ಲಿ ಮಳೆಗಾಲ ಅಂದರೆ ಡ್ಯಾಂ ತುಂಬುವ ಜುಲೈ-ಆಗಸ್ಟ್. ಕೇರಳಕ್ಕೇ ಜೂನ್ 1ಕ್ಕೆ ಮಳೆ ಬರುವುದು, ಮೇ ತಿಂಗಳಲ್ಲಿ ಏನು ಭಯ ಅಂದುಕೊಂಡೆ. ಶ್ರೀಲಂಕಾ ಕೇರಳಕ್ಕಿಂತ ಕೆಳಗಿದೆ, ಮಾರುತ ಅಲ್ಲಿಗೆ ಮೊದಲೇ ಮುಟ್ಟುತ್ತದೆ ಅನ್ನೋದು ಹೊಳೆಯಲಿಲ್ಲ. ಭೂಪಟ ಮಗಳ ಚಾರ್ಟಿನ ಪಕ್ಕದಲ್ಲೇ ನೇತಾಡುತ್ತಿತ್ತು.

ಇನ್ನೊಂದು ಇದೆ, ಅದಕ್ಕೇ ನನಗೆ ಜಾಸ್ತಿ ನಾಚಿಕೆ. ರೂಮು ಅರ್ಧ ರೇಟಿಗೆ ಸಿಕ್ಕಿತ್ತು. ಹಿಗ್ಗಿಹೋದೆ. ಲೋಡುಗಟ್ಟಲೆ ಭತ್ತ ನೋಡುವವನು ನಾನು. ರೇಟು ಇಳಿಸಿ ಕೊಡುತ್ತೇನೆ ಅಂದರೆ ಮೊದಲು ಚೀಲಕ್ಕೆ ಕೈ ಹಾಕುತ್ತೇವೆ, ತೇವಾಂಶ 17 ಪರ್ಸೆಂಟ್ ದಾಟಿದೆಯಾ ಅಂತ ಮೀಟರ್ ಇಡುತ್ತೇವೆ. ಕಡಲ ಪಕ್ಕದ ರೂಮು ಅರ್ಧ ರೇಟಿಗೆ ಬಂದಾಗ ಯಾಕೆ ಅಂತ ಕೇಳಲಿಲ್ಲ. ಹಸಿ ಭತ್ತ ತಗೊಂಡ ಹಾಗಾಯಿತು.

ಮೊದಲ ಎರಡು ದಿನ ಬೋಟೇ ಹೊರಡಲಿಲ್ಲ. ಮೂರನೇ ದಿನ ಒಬ್ಬ ಬೋಟಿನವನು 'ನೋಡೋಣ ಬನ್ನಿ' ಅಂದ. ಬೆಳಿಗ್ಗೆ ಆರೂವರೆಗೆ ಹತ್ತಿದೆವು. ಅಲ್ಲಿಯವರೆಗೆ ನಮ್ಮ ಮನೆಯವರು ನೀರಿನ ಮೇಲೆ ಹೋಗಿದ್ದು ಅಂದರೆ ಆನೆಗೊಂದಿಯ ಹರಿಗೋಲಿನಲ್ಲಿ ಮಾತ್ರ. ಬಂದರು ದಾಟಿದ್ದೇ ತಡ, ಬೋಟಿನ ಮೂತಿ ಆಕಾಶಕ್ಕೆದ್ದು ದೊಪ್ಪನೆ ಬಿತ್ತು. ಮತ್ತೆ ಎದ್ದಿತು. ಅಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡರು. ಬೋಟಿನ ಹುಡುಗ ಮಾತಿಲ್ಲದೆ ಪ್ಲಾಸ್ಟಿಕ್ ಕವರ್ ಹಂಚಿಕೊಂಡು ಬಂದ, ಊಟಕ್ಕೆ ಎಲೆ ಹಾಕುವವರ ಹಾಗೆ. ಮಗಳು ಕವರಿನೊಳಗೆ ಮುಖ ಇಟ್ಟುಕೊಂಡೇ 'ಬಂತಾ ಅಪ್ಪಾ, ಬಂತಾ?' ಅಂತ ಕೇಳುತ್ತಿದ್ದಳು. ಹೊರಟು ಒಂದು ಗಂಟೆ ಆಗುವಷ್ಟರಲ್ಲಿ ಬೋಟು ತಿರುಗಿಸಿದರು.

ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಹೋದೆವು. ಮುಂಗಾರು ಭತ್ತ ಮುಗಿದು ಬೇಸಿಗೆ ಭತ್ತ ಬರುವ ಮುಂಚೆ ಒಂದು ಸಂದು ಸಿಗುತ್ತದಲ್ಲ, ಆಗ. ಮಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸಿದೆ. ಟೀಚರ್ ಬೈದರು, ಬೈಸಿಕೊಂಡೆ. ಮಿರಿಸ್ಸಾದ ಹತ್ತಿರವೇ ದೊಂದ್ರಾ ತುದಿ ಇದೆ, ದ್ವೀಪದ ದಕ್ಷಿಣದ ಕಟ್ಟಕಡೆ. ಅಲ್ಲಿ ದಡದಿಂದ ಸ್ವಲ್ಪ ದೂರಕ್ಕೇ ಕಡಲು ಆಳಕ್ಕಿಳಿಯುತ್ತದೆ, ಅದಕ್ಕೇ ಇಷ್ಟು ದೊಡ್ಡ ಪ್ರಾಣಿ ಅಷ್ಟು ಹತ್ತಿರ ಬರುತ್ತದೆ. ಎರಡನೇ ಬೆಳಿಗ್ಗೆ ನೋಡಿದೆವು. ದೂರದಲ್ಲಿ ನಮ್ಮ ಮಿಲ್ಲಿನ ಬಾಯ್ಲರ್ ಹಬೆ ಬಿಟ್ಟ ಹಾಗೆ ಬಿಳಿ ಕಂಬ ಎದ್ದಿತು. ಅದರ ಉಸಿರು. ಆಮೇಲೆ ಬೂದು-ನೀಲಿ ಬೆನ್ನು ನೀರಿನ ಮೇಲೆ ಜಾರುತ್ತಾ ಹೋಯಿತು, ಹೋಗುತ್ತಲೇ ಇತ್ತು, ಮುಗಿಯಲೇ ಇಲ್ಲ. ಸಾರಿಗೆ ಬಸ್ಸು ಎರಡು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಕೊನೆಗೆ ಬಾಲ ಎತ್ತಿ ಮುಳುಗಿತು. ಅದು ಹೋದ ಜಾಗದಲ್ಲಿ ನೀರು ಎಣ್ಣೆ ಸುರಿದ ಹಾಗೆ ದುಂಡಗೆ, ನುಣ್ಣಗೆ ನಿಂತಿತ್ತು. ಮಗಳು ಆ ನೀರನ್ನೇ ನೋಡುತ್ತಿದ್ದಳು.

ಹಾಗಾಗಿ ಪ್ಯಾಕೇಜಾ, ಸ್ವಂತನಾ ಅನ್ನೋದು ಆಮೇಲಿನ ಮಾತು. ನನ್ನನ್ನು ಕೇಳಿದರೆ ಪ್ಯಾಕೇಜ್ ಬೇಡ. ಅದರಲ್ಲಿ ಬೋಟಿಗೆ ಒಂದೇ ಬೆಳಿಗ್ಗೆ ಇಡುತ್ತಾರೆ, ನೀವು ಮೂರು ಬೆಳಿಗ್ಗೆ ಖಾಲಿ ಇಟ್ಟುಕೊಳ್ಳಿ. ಶಾಲೆ ತಪ್ಪಿಸಲು ಮನಸ್ಸಿಲ್ಲದಿದ್ದರೆ ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್ ಮೊದಲ ವಾರ ಹೊರಡಿ. 13-14ರ ಸುಮಾರಿಗೆ ಅವರ ಹೊಸ ವರ್ಷ, ಅಂಗಡಿಗಳು ಮುಚ್ಚಿರುತ್ತವೆ. ವಾಂತಿ ಮಾತ್ರೆಯನ್ನು ಹತ್ತುವ ಮುಂಚೆಯೇ ತಗೊಳ್ಳಿ, ತಲೆ ತಿರುಗಿದ ಮೇಲೆ ತಗೊಂಡರೆ ಸುಮ್ನೆ ದಂಡ. 'ತೀರಾ ಹತ್ತಿರ ಕರೆದುಕೊಂಡು ಹೋಗುತ್ತೇವೆ' ಅನ್ನುವ ಬೋಟು ಹತ್ತಬೇಡಿ. ಅಟ್ಟಿಸಿಕೊಂಡು ಹೋದರೆ ಅದು ಮುಳುಗಿಬಿಡುತ್ತದೆ, ಪಾಪ. ನೂರು ಮೀಟರ್ ದೂರ ನಿಲ್ಲಿಸುವವನೇ ಒಳ್ಳೆಯವನು.

ಮೇ ಬಿಟ್ಟರೆ ಆಗುವುದೇ ಇಲ್ಲ ಅಂದರೆ ಮಿರಿಸ್ಸಾ ಬಿಡಿ, ಪೂರ್ವದ ಟ್ರಿಂಕೋಮಲಿಗೆ ಹೋಗಿ. ಕೊಲಂಬೊದಿಂದ ದೂರ ಜಾಸ್ತಿ, ತಿಮಿಂಗಿಲ ಕಂಡೇ ಕಾಣುತ್ತದೆ ಅಂತಲೂ ಇಲ್ಲ. ಆದರೆ ಆಗ ಅಲ್ಲಿನ ಕಡಲು ಶಾಂತ. ಹಿರಿಯರು ಜೊತೆಗಿದ್ದರೆ ಬೋಟೂ ಬೇಡ. ಕೋಣೇಶ್ವರ ದೇವಸ್ಥಾನ ಕಡಲಿಗೆ ಚಾಚಿದ ಬಂಡೆಯ ಮೇಲಿದೆ, ಅದೃಷ್ಟವಿದ್ದ ದಿನ ಅಲ್ಲಿ ನಿಂತೇ ತಿಮಿಂಗಿಲದ ಉಸಿರು ಕಾಣುತ್ತದೆ. ಇದನ್ನು ತಿಳಿದುಕೊಂಡು ಬಂದು ಅಪ್ಪನಿಗೆ ಹೇಳಿದೆ. 'ದೇವರೂ ಆಗುತ್ತಿತ್ತು, ಮೀನೂ ಆಗುತ್ತಿತ್ತು. ನನ್ನ ಯಾಕೋ ಆ ಡಬ್ಬಿಯಲ್ಲಿ ಕೂರಿಸಿದೆ?' ಅಂದರು.