ಸರ್ಫಿಂಗಲ್ಲಿ ಗಂಡಸರು ಅಲೆಯನ್ನು ಗೆಲ್ಲೋಕೆ ಹೋಗ್ತಾರೆ, ಹೆಂಗಸರು ಅಲೆ ಜೊತೆ ಒಂದಾಗ್ತಾರೆ ಅಂತಾರಲ್ಲ, ನಿಜವಾ?

ನನಗೆ ಹಾಗೆ ಅನ್ಸೋದಿಲ್ಲ. ನಾನು ಮಂಜೇಶ್ವರದವಳು, ಸರ್ಫಿಂಗ್ ಕಲ್ತದ್ದು ಮುಲ್ಕಿಯಲ್ಲಿ, ರಜೆ ಸಿಕ್ಕಿದ್ರೆ ಈಗಲೂ ಹೋಗ್ತೇನೆ. ನೀರಿಗಿಳಿದ ಮೇಲೆ ಗೆಲ್ಲೋದು ಅಂತ ಎಂತದ್ದೂ ಇಲ್ಲ ಮಾರಾಯ್ರೆ. ಎಲ್ಲೋ ದಕ್ಷಿಣದ ಸಮುದ್ರದಲ್ಲಿ ಬಿರುಗಾಳಿಗೆ ಎದ್ದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ಕರಾವಳಿವರೆಗೂ ಬರ್ತದೆ, ದಡದ ಹತ್ರ ಆಳ ಕಡಿಮೆ ಆದಾಗ ಅದರ ಬುಡ ನಿಧಾನ ಆಗಿ ತಲೆ ಮುಂದೆ ಬಾಗಿ ಒಡೀತದೆ, ಅಷ್ಟರಲ್ಲಿ ನೀವು ಬೋರ್ಡಿನ ಮೇಲೆ ಮಲಗಿ ಕೈಯಲ್ಲಿ ನೀರು ಎಳೆದು ಅದರ ವೇಗಕ್ಕೆ ಹತ್ರ ಬಂದಿರ್ಬೇಕು. ವೇಗ ಸಾಲದಿದ್ರೆ ಅಲೆ ನಿಮ್ಮ ಅಡಿಯಿಂದ ದಾಟಿ ಹೋಗ್ತದೆ, ಅಲೆ ಕಡಿದಾಗಿ ನಿಂತ ಮೇಲೆ ಎದ್ದು ನಿಲ್ಲೋಕೆ ಹೋದ್ರೆ ಬೋರ್ಡಿನ ಮೂತಿ ನೀರಿಗೆ ಹೊಕ್ಕು ಮಗುಚಿ ಬೀಳ್ತೀರಿ. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ.

ದೈತ್ಯ ಅಲೆಗಳನ್ನೇ ಹತ್ತುವ ಬ್ರೆಜಿಲಿನ ಸರ್ಫರ್ ಮಾಯಾ ಗಬೇರಾ ಅವರನ್ನು ಯಾವ ಲೆಕ್ಕಕ್ಕೆ ಹಾಕ್ತೀರಿ? 2013ರಲ್ಲಿ ಪೋರ್ಚುಗಲ್ಲಿನ ನಜಾರೆಯಲ್ಲಿ ಬಿದ್ದು ಪ್ರಜ್ಞೆ ತಪ್ಪಿ, ದಡಕ್ಕೆ ಎಳೆದು ತಂದು ಎದೆ ಒತ್ತಿ (ಸಿಪಿಆರ್ ಮಾಡಿ) ಉಳಿಸಿದ್ದು. ಅದೇ ನಜಾರೆಗೆ ವಾಪಸ್ ಹೋಗಿ 2020ರಲ್ಲಿ 22.4 ಮೀಟರ್ ಅಲೆ ಸವಾರಿ ಮಾಡಿದ್ರು, ಆ ಚಳಿಗಾಲದಲ್ಲಿ ಯಾವ ಗಂಡಸೂ ಅಷ್ಟು ದೊಡ್ಡದು ಹತ್ತಿರಲಿಲ್ಲ. ಅಪಾಯದ ಅಲೆಗೆ ಹೆಸರಾದ ಟಹೀಟಿ ದ್ವೀಪದ ಟೆಯಾಹುಪೊದಲ್ಲಂತೂ ಸರ್ಫಿಂಗಿನ ವರ್ಲ್ಡ್ ಟೂರ್ ನಡೆಸುವವರು 2006 ಆದ್ಮೇಲೆ 2022ರ ತನಕ ಹೆಂಗಸರಿಗೆ ಸ್ಪರ್ಧೆಯೇ ಇಡ್ಲಿಲ್ಲ, ಆಮೇಲೆ 2024ರ ಒಲಿಂಪಿಕ್ಸ್ ಸರ್ಫಿಂಗ್ ಅದೇ ಅಲೆಯಲ್ಲಿ ನಡೀತು, ಹೆಂಗಸರಲ್ಲಿ ಅಮೆರಿಕದ ಕ್ಯಾರೊಲಿನ್ ಮಾರ್ಕ್ಸ್ ಚಿನ್ನ ಗೆದ್ರು. ಸ್ವಭಾವ ಅಂತ ನಾವು ಹೇಳೋದ್ರಲ್ಲಿ ಸುಮಾರು ಪಾಲು ಯಾರನ್ನು ನೀರಿಗೆ ಬಿಟ್ರು, ಯಾರನ್ನು ಬಿಡ್ಲಿಲ್ಲ ಅನ್ನೋದೇ.

ನಮ್ಮ ಕಡೆಯೇ ನೋಡಿ. ಉಪ್ಪಳ, ಕುಂಬಳೆ ಕಡಲ ಬದಿಯಲ್ಲಿ ಹುಡುಗರು ಚಡ್ಡಿಯಲ್ಲಿ ಹಾರಿ ಹಾರಿ ಬೀಳ್ತಾರೆ, ಅದೇ ಪ್ರಾಯದ ಹುಡುಗಿ ಚೂಡಿದಾರದ ಪ್ಯಾಂಟು ಮೇಲೆ ಮಡಚಿ ಪಾದ ಒದ್ದೆ ಮಾಡ್ಕೊಂಡು ನಿಲ್ತಾಳೆ, ಸ್ವಲ್ಪ ಮುಂದೆ ಹೋದ್ರೆ ಬಿಸಿಲಿಗೆ ಕಪ್ಪಾಗ್ತಿ, ಒದ್ದೆ ಬಟ್ಟೆಯಲ್ಲಿ ಜನ ನೋಡ್ತಾರೆ ಅಂತ ಕರೀತಾರೆ. ಹತ್ತು ವರ್ಷ ಹೀಗೆ ನಿಲ್ಲಿಸಿ ಆಮೇಲೆ ಹೆಣ್ಮಕ್ಕಳದ್ದು ಪ್ರಕೃತಿ ಜೊತೆ ಮೃದು ಸಂಬಂಧ ಅಂದ್ರೆ ನನಗೆ ಸಿಟ್ಟು ಬರ್ತದೆ. ಹಾಗಂತ ದಡದಲ್ಲಿರುವವರಿಗೆ ಕಡಲು ಗೊತ್ತಿಲ್ಲ ಅಂತಲ್ಲ, ಬೂತಾಯಿ ಮೀನು ಕಡಿಮೆಯಾದ್ರೆ ಮೀನು ಮಾರುವ ಹೆಂಗಸರ ಬುಟ್ಟಿಗೆ ಕೂಡ್ಲೇ ಗೊತ್ತಾಗ್ತದೆ, ಕಡಲ್ಕೊರೆತಕ್ಕೆ ಮನೆ ಹೋದ್ರೆ ಸಾಮಾನು ಕಟ್ಟೋದೂ ಅವರೇ. ಅದನ್ನು ಯಾರೂ ಸಾಹಸ ಅನ್ನೋದಿಲ್ಲ.

ಸರ್ಫರ್ ಇಶಿತಾ ಮಾಳವೀಯ ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಶುರು ಮಾಡಿದ ಮೇಲೆ ನಮ್ಮ ಕರಾವಳಿಯಲ್ಲೂ ಹುಡುಗಿಯರು ಬೋರ್ಡ್ ಹಿಡಿಯೋದು ಕಾಣ್ತದೆ. ನಿಮಗೆ ಅನುಮಾನ ಇದ್ರೆ ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕಳೆದು ಬನ್ನಿ, ಜೂನ್ ಜುಲೈಯಲ್ಲಿ ಕಲಿಯೋಕೆ ಇಳೀಲೇಬೇಡಿ, ಆಗ ಸೆಳೆತ ವಿಪರೀತ. ತಂಗಿಯೋ ಮಗಳೋ ಇದ್ರೆ ಅವಳನ್ನೂ ಕರ್ಕೊಂಡು ಬನ್ನಿ, ದಡದಲ್ಲಿ ಬ್ಯಾಗ್ ಕಾಯೋಕೆ ಅಲ್ಲ.