ಕರ್ಚೀಫಿನಲ್ಲಿ ಕಟ್ಟಿಟ್ಟ ಹಲ್ಲಿನ ಸೆಟ್

ಇವರನ್ನು ಇಲ್ಲಿ ಟೀಚರಮ್ಮ ಅಂತ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 66. ದಾವಣಗೆರೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು. ಸೊಸೆ ನನ್ನ ಹತ್ತಿರ ಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು.

"ಅತ್ತೆ ಸರಿಯಾಗಿ ಊಟ ಮಾಡ್ತಿಲ್ಲ ಮೇಡಂ. ನಾವೆಲ್ಲ ಉಂಡ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಉಣ್ತಾರೆ. ವಾರ ವಾರ ವಚನ ಹೇಳೋಕೆ ಹೋಗ್ತಿದ್ರು, ಅದನ್ನೂ ಬಿಟ್ಟಿದ್ದಾರೆ. ಡಿಪ್ರೆಶನ್ ಇರಬಹುದಾ?"

ನನಗೂ ಹಾಗೇ ಅನಿಸಿತ್ತು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ನಿದ್ದೆ, ಬೇಸರ, ಒಂಟಿತನ ಅಂತೆಲ್ಲ ಕೇಳಿದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಆ ಸೆರಗನ್ನು ನಾನು ಅಂದೇ ಗಮನಿಸಬೇಕಿತ್ತು. ಸಂಕೋಚದ ಸ್ವಭಾವ ಅಂದುಕೊಂಡುಬಿಟ್ಟೆ. 30 ವರ್ಷ ತರಗತಿಯಲ್ಲಿ ದನಿಯೆತ್ತಿ ಪಾಠ ಮಾಡಿದವರಿಗೆ ಅಂಥ ಸಂಕೋಚ ಎಲ್ಲಿಂದ ಬರಬೇಕು?

ಎರಡನೇ ಸಲ ಸೊಸೆಯನ್ನು ಹೊರಗೆ ಕೂರಿಸಿ ಅವರೊಬ್ಬರನ್ನೇ ಮಾತಾಡಿಸಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಆಮೇಲೆ ಪರ್ಸಿನಿಂದ ಕರ್ಚೀಫು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಮೇಲಿನದು, ಕೆಳಗಿನದು, ಎರಡೂ ಹಲ್ಲಿನ ಸೆಟ್.

"ನೋಡವ್ವ, ಮಗ ದುಡ್ಡು ಸುರಿದು ಕಟ್ಟಿಸಿದ ಹಲ್ಲು. ನನ್ನ ಬಾಯಿಗೇ ದಕ್ಕಲಿಲ್ಲ."

ಅವರಿಗೆ ಹಳೆಯ ಸಕ್ಕರೆ ಕಾಯಿಲೆ. ವಸಡಿನ ರೋಗದಿಂದ ಹಲ್ಲು ಒಂದೊಂದಾಗಿ ಅಲ್ಲಾಡಿ, ಕೊನೆಗೆ ಉಳಿದವನ್ನೂ ಕೀಳಿಸಿದ್ದರು. ವಸಡು ಮಾಗಿದ ಮೇಲೆ ಸೆಟ್ ಹಾಕಿಸಿದರು. ಮೊದಮೊದಲು ಚೆನ್ನಾಗಿಯೇ ಕೂತಿತ್ತು. ನಾಲ್ಕೈದು ತಿಂಗಳಿಗೆ ಕೆಳಗಿನದು ಸಡಿಲವಾಯಿತು. ಒಂದು ಮದುವೆ ಊಟದಲ್ಲಿ ಹೋಳಿಗೆ ಕಚ್ಚಿದಾಗ ಅದು ಎದ್ದು ಎಲೆಯ ಮೇಲೆ ಬಿತ್ತು. ಪಕ್ಕದವರು ನೋಡಿಯೂ ನೋಡದ ಹಾಗೆ ಕೂತರು. ಮನೆಯಲ್ಲಿ ಮೊಮ್ಮಗ, "ಅಜ್ಜಿ, ನಿನ್ನ ಹಲ್ಲು ಸೀಟಿ ಹೊಡೀತಾವೆ" ಅಂದ. ಸ, ಶ ಬಂದ ಕಡೆಯೆಲ್ಲ ನಿಜವಾಗಿಯೂ ಸೀಟಿ ಬರುತ್ತಿತ್ತು. ವಚನ ನಿಂತದ್ದು ಆವಾಗ.

"ಮಗನಿಗೆ ಹೇಳಿದ್ರಾ?"

"ಹೆಂಗ ಹೇಳ್ಲಿ? ಅಷ್ಟು ಖರ್ಚು ಮಾಡ್ಯಾನೆ."

ಕೈಯೋ ಕಾಲೋ ಹೋದರೆ ಜನ ಮರುಗುತ್ತಾರೆ. ಹಲ್ಲು ಹೋದರೆ ನಗುತ್ತಾರೆ. ಆದರೆ ಹಲ್ಲಿನ ಜತೆ ಮುಖದ ಆಕಾರ ಹೋಗುತ್ತದೆ, ಮಾತು ಹೋಗುತ್ತದೆ, ಎಲ್ಲರ ಜತೆ ಕೂತು ಉಣ್ಣುವ ಸುಖ ಹೋಗುತ್ತದೆ. ಅದಕ್ಕೆ ದುಃಖಪಡಬೇಡಿ ಅಂತ ನಾನು ಹೇಳಲಿಲ್ಲ. ಅವರು ಅತ್ತರು. ಆ ದಿನ ಬೇರೇನೂ ಮಾಡಲಿಲ್ಲ.

ನಾನು ದಂತವೈದ್ಯೆ ಅಲ್ಲ. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಹಾಗಾಗಿ ತಿಳಿದವರನ್ನು ಕೇಳುವುದು ಇಲ್ಲಿ ಕಷ್ಟವಲ್ಲ. ಕೇಳಿ ತಿಳಿದುಕೊಂಡದ್ದನ್ನು ಮುಂದಿನ ಭೇಟಿಯಲ್ಲಿ ಅವರಿಗೆ ಹೇಳಿದೆ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಮೂಳೆ ಸವೆಯುತ್ತದೆ. ಮೊದಲ ವರ್ಷ ಜಾಸ್ತಿ, ಆಮೇಲೆ ನಿಧಾನ. ಸೆಟ್ ಹಾಗೇ ಇರುತ್ತದೆ, ಅದರ ಅಡಿಯ ವಸಡು ಇಳಿಯುತ್ತದೆ. ಮೇಲಿನದು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಆಸರೆ ಇಲ್ಲ, ಮೇಲಾಗಿ ನಾಲಿಗೆ ತಳ್ಳುತ್ತಿರುತ್ತದೆ. ಹೆಚ್ಚಿನವರಿಗೆ ತೊಂದರೆ ಕೊಡುವುದು ಕೆಳಗಿನದೇ.

"ಅಂದ್ರೆ ನನ್ನ ಬಾಯಿ ತಪ್ಪಲ್ಲ?" ಅಂದರು. ಅಷ್ಟು ತಿಂಗಳು ಅವರು ಹಾಗೇ ನಂಬಿದ್ದರು.

ನಾನು ಕೊಟ್ಟ ಮೊದಲ ಸಲಹೆ, ಸೆಟ್ ಮಾಡಿದ ಡಾಕ್ಟರ ಹತ್ತಿರ ವಾಪಸ್ ಹೋಗಿ ಅನ್ನುವುದು. ಒಳಗೆ ಹೊಸ ಪದರ ಕೊಟ್ಟು ಬಿಗಿ ಮಾಡುತ್ತಾರೆ, ಅದಕ್ಕೆ ರೀಲೈನಿಂಗ್ ಅನ್ನುತ್ತಾರೆ. ವಸಡಿಗೆ ಒತ್ತಿ ಹುಣ್ಣಾದ ಕಡೆ ಉಜ್ಜಿ ಕೊಡುತ್ತಾರೆ. ಟೀಚರಮ್ಮ ನೋವಾದಾಗ ಸೆಟ್ ತೆಗೆದಿಟ್ಟು, ಹುಣ್ಣು ಮಾಗಿದ ಮೇಲೆ ಡಾಕ್ಟರಿಗೆ ತೋರಿಸಿದ್ದರು. ಆಗ ಎಲ್ಲಿ ಒತ್ತುತ್ತದೆ ಅಂತ ಅವರಿಗೆ ಹೇಗೆ ಕಾಣಬೇಕು? ಹೋಗುವ ಹಿಂದಿನ ದಿನ ಹಾಕಿಕೊಂಡಿರಿ, ಗುರುತು ಉಳಿದಿರುತ್ತದೆ ಅಂದೆ. ಮನೆಯಲ್ಲಿ ಕಾನಸು, ಬ್ಲೇಡು ಹಿಡಿದು ಉಜ್ಜುವುದು ಖಂಡಿತ ಬೇಡ.

ಮಾತಿಗೆ ದಿನಾ ಕಾಲು ಗಂಟೆ ಜೋರಾಗಿ ಓದಲು ಹೇಳಿದೆ. ಏನು ಓದಲಿ ಅಂತ ಅವರು ಕೇಳಲಿಲ್ಲ. ಬಾಗಿಲು ಹಾಕಿಕೊಂಡು ವಚನಗಳನ್ನೇ ಶುರು ಮಾಡಿದರು. ಊಟಕ್ಕೆ ಮೊದಲು ಮೆತ್ತಗಿನ ಅನ್ನ, ಆಮೇಲೆ ಸಾರಿನಲ್ಲಿ ನೆನೆಸಿದ ರೊಟ್ಟಿ. ಸಣ್ಣ ತುತ್ತು, ಎರಡೂ ಕಡೆ ಸಮನಾಗಿ ಅಗಿಯಬೇಕು. ಮುಂದಿನ ಹಲ್ಲಿನಿಂದ ಕಚ್ಚಿ ಎಳೆದರೆ ಸೆಟ್ ಏಳುತ್ತದೆ. ಹೋಳಿಗೆಯ ದಿನ ಆದದ್ದೂ ಅದೇ.

ಅವರು ಸೆಟ್ ಅನ್ನು ಬಿಸಿನೀರಿನಲ್ಲಿ ತೊಳೆದು ಕರ್ಚೀಫಿನಲ್ಲಿ ಒಣಗಿಸಿ ಇಡುತ್ತಿದ್ದರು. ಎರಡೂ ತಪ್ಪು. ಬಿಸಿಗೆ ಆಕಾರ ಕೆಡುತ್ತದೆ, ಒಣಗಿದರೂ ಕೆಡುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ವಸಡಿಗೂ ವಿಶ್ರಾಂತಿ ಸಿಗುತ್ತದೆ. ಮೆತ್ತನೆ ಬ್ರಷ್, ಸಾದಾ ಸೋಪು ಸಾಕು. ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ.

ಮನೆಯವರ ಜತೆ ಒಂದು ಭೇಟಿ ಬೇಕಾಯಿತು. ಸೊಸೆ ಪ್ರೀತಿಯಿಂದಲೇ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಡುತ್ತಿದ್ದರು. ಟೀಚರಮ್ಮನಿಗೆ ಅದು ಕೂಸಿಗೆ ಉಣಿಸಿದ ಹಾಗೆ ಅನಿಸುತ್ತಿತ್ತು. ಎಲ್ಲರಿಗೂ ಬಡಿಸಿದ್ದನ್ನೇ ಅವರ ತಟ್ಟೆಗೂ ಬಡಿಸಿ, ಮುರಿದುಕೊಳ್ಳುವುದನ್ನು ಅವರಿಗೆ ಬಿಡಿ, ಅವರು ಮುಗಿಸುವವರೆಗೆ ಯಾರೂ ಏಳಬೇಡಿ ಅಂದೆ. ಮಗನಿಗೆ ವಿಷಯವೇ ಗೊತ್ತಿರಲಿಲ್ಲ. "ಅವ್ವಾ, ಒಂದ್ ಮಾತು ಹೇಳ್ಬಾರ್ದಿತ್ತಾ?" ಅಂದರು.

ದುಡ್ಡಿನ ಚಿಂತೆಗೆ ಇಂಥ ಇನ್ನೆಷ್ಟು ಹಿರಿಯರು ಬಾಯಿ ಮುಚ್ಚಿಕೊಂಡಿದ್ದಾರೋ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಕರ್ನಾಟಕ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತ್ತು. ಅಂಥವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಒಮ್ಮೆ ವಿಚಾರಿಸಲಿ.

ಎರಡು ತಿಂಗಳ ಮೇಲೆ ಟೀಚರಮ್ಮ ಬಂದಾಗ ಸೆರಗು ಹೆಗಲ ಮೇಲಿತ್ತು. ವಚನದ ಬಳಗಕ್ಕೆ ಹೋಗಿ ಒಂದು ವಚನ ಹೇಳಿ ಬಂದಿದ್ದರು. ಕೆಳಗಿನ ಸೆಟ್ ಪೂರ್ತಿ ಸರಿಯಾಗಿಲ್ಲ. ಎರಡು ಇಂಪ್ಲಾಂಟ್ (ದವಡೆಯ ಮೂಳೆಯಲ್ಲಿ ಕೂರಿಸುವ ಲೋಹದ ತಿರುಪು) ಹಾಕಿ ಅದನ್ನು ಹಿಡಿದು ನಿಲ್ಲಿಸಬಹುದು, ಅದಕ್ಕೆ ಮೊದಲು ಸಕ್ಕರೆ ಹತೋಟಿಗೆ ಬರಲಿ ಅಂತ ಡಾಕ್ಟರು ಹೇಳಿದ್ದಾರಂತೆ. ಅವರಿನ್ನೂ ತೀರ್ಮಾನಿಸಿಲ್ಲ.

ಮೊನ್ನೆ ಫೋನ್ ಮಾಡಿದ್ದರು. ಖಾರಮಂಡಕ್ಕಿ ತಿಂದಾಗ ಎಡಗಡೆ ಚುಚ್ಚುತ್ತಿದೆ, ಮಂಗಳವಾರ ಡಾಕ್ಟರ ಹತ್ತಿರ ಹೋಗಬೇಕು ಅಂದರು. ನಾನು ಬಾಯಿ ತೆಗೆಯುವ ಮೊದಲೇ, "ಗೊತ್ತವ್ವ, ಸೋಮವಾರ ಹಾಕ್ಕೊಂಡೇ ಇರ್ತೀನಿ" ಅಂದರು.